ಮೋತ್ಯಾ ಕಲಿತಿತ್ತು

ಹಿರೇಬೆಂಡಿಗೇರಿ,
ತಾ. ೧೧ ಮಾರ್ಚ್ ೧೯೪೪

ನಮ್ಮ ಮನೆಯ ಯಜಮಾನರಿಗೆ ಸುಶೀಲವ್ವಳ ಶರಣು.

ಪಲ್ಟನ್ನಿನಲ್ಲಿ ಹೊಟ್ಟೆಗೆ ಸರಿಯಾಗಿ ಹಾಕುತ್ತಾರೆಯೇ? ಕಾಲಿನ ಬಾವು ಇಳಿಯಿತೇ? ಜೋಳದ ರೊಟ್ಟಿ ಇಲ್ಲವೆಂದು ಮುನಿಸಿಕೊಂಡು ಉಪವಾಸ ಕೂಡಬೇಡಿರಿ. ಅಲ್ಲಿ ಓಲೈಸಲು ನಾನಿಲ್ಲ. ನಾನು ಆರಾಮ ಇದ್ದೇನೆ. ಅತ್ತೆಯ ಸುದ್ದಿ ಆಮೇಲೆ ಬರೆಯುತ್ತೇನೆ.

ಸಂಕ್ರಾಂತಿಗೆ ರಜೆಯ ಮೇಲೆ ಬಂದಾಗ ಕೋಟಿನೊಳಗೆ ಮುಚ್ಚಿಕೊಂಡು ತಂದಿರಲ್ಲ, ಆ ನಾಯಿಮರಿ ಮೋತ್ಯಾನ ಮಾತು ಮೊದಲು. ‘ಗಂಡಸರಿಲ್ಲದ ಮನಿ, ಒಂದು ನಾಯಿ ಇರ್ಲಿ’ ಎಂದು ಹೇಳಿ ನೀವು ರೈಲು ಹತ್ತಿದಿರಿ. ಹೊಲಸು ಬಳಿಯುವವರು ಯಾರು? ದೇವರ ಜಗುಲಿ ಇರುವ ಮನೆ ಇದು. ನಸುಕಿನಲ್ಲೊಮ್ಮೆ, ಅದು ಉಂಡಾಗೊಮ್ಮೆ ಎತ್ತಿಕೊಂಡು ತಿಪ್ಪೆಗೆ ಓಡುತ್ತಿದ್ದೆ. ಅದರ ಕೆಲಸ ಮುಗಿಯುವತನಕ ನಿಂತು, ಮುಗಿದ ಕೂಡಲೇ ರೊಟ್ಟಿಯ ಚೂರು ಕೊಡುತ್ತಿದ್ದೆ. ಇಪ್ಪತ್ತು ದಿನದಲ್ಲಿ ತಾನೇ ಬಾಗಿಲು ಕೆರೆಯಲು ಕಲಿಯಿತು. ಶಾಣ್ಯಾ ನಾಯಿ, ನಿಮಗಿಂತ ಬೇಗ ಮಾತು ಕೇಳಿತು.

ಆದರೂ ಬೆಳಗಾದರೆ ಪಡಸಾಲೆಯಲ್ಲಿ, ಅತ್ತೆಯ ಹಾಸಿಗೆಯ ಬದಿಗೆ, ಹಸಿ ಸಗಣಿ ಸಾರಿಸಿದ ಗುರುತು. ನಾನು ಏಳುವ ಮೊದಲೇ ಅತ್ತೆ ಎದ್ದು ಸಾರಿಸಿರುತ್ತಿದ್ದರು. ‘ಮೋತ್ಯಾ ಉಚ್ಚಿ ಹೊಯ್ದಿತ್ತವಾ, ಬಳದು ಸಾರಿಸೇನಿ’ ಎನ್ನುತ್ತಿದ್ದರು. ನನ್ನ ಸಿಟ್ಟು ನಿಮಗೆ ಗೊತ್ತೇ ಇದೆ. ಅದರ ಮೂಗನ್ನು ಆ ಜಾಗಕ್ಕೆ ಒತ್ತಿ ಹಿಡಿದು ಬಡಿದೆ. ದಿನಾ ಬಡಿದೆ. ಅತ್ತೆ ‘ಸಾಕು ಬಿಡವಾ, ಮೂಕ ಪ್ರಾಣಿ’ ಎಂದು ಬಿಡಿಸಿಕೊಂಡು ತಮ್ಮ ಪಾಲಿನ ಹಾಲನ್ನು ಅದಕ್ಕೆ ಹಾಕುತ್ತಿದ್ದರು.

ಈ ಸೋಮವಾರ ನನ್ನ ತಾಳ್ಮೆ ಮುಗಿಯಿತು. ಭರಮಪ್ಪ ಅರಳೆ ಹೇರಿಕೊಂಡು ಯಲವಿಗಿ ಸ್ಟೇಷನ್ನಿಗೆ ಹೊರಟಿದ್ದ. ಅವನ ಎತ್ತಿನ ಚಕ್ಕಡಿಯಲ್ಲಿ ಮೋತ್ಯಾನನ್ನು ಹಾಕಿ, ಅಲ್ಲೇ ಯಾರಿಗಾದರೂ ಕೊಟ್ಟು ಬಾ ಎಂದೆ. ಅತ್ತೆ ಹೊಸ್ತಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಏನೆಂದು ನಾನು ಕೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಅದೇ ಜಾಗದಲ್ಲಿ ಹಸಿ ಸಗಣಿ. ನಾಯಿ ಇಲ್ಲ. ಅತ್ತೆ ಸಗಣಿ ಕೈಯಲ್ಲೇ ಗೋಡೆಗೆ ಮುಖ ಮಾಡಿ ಕೂತಿದ್ದರು. ‘ರಾತ್ರಿ ಉಚ್ಚಿ ತಡಕೊಳ್ಳಾಕ ಆಗವಲ್ದು ಸುಶೀಲಾ. ಮಗಗ ಬರೀಬ್ಯಾಡ’ ಎಂದರು. ಯಾರ ಬಾಯಿಂದಲೂ ಒಂದು ಮಾತಿಗೆ ಎಡೆ ಕೊಡದೆ ಬಾಳಿದ ಜೀವ, ಸೊಸೆಯ ಮುಂದೆ ತಲೆ ಎತ್ತಲಿಲ್ಲ. ನನ್ನ ಕೈಗಳನ್ನು ಕಂಡು ನನಗೇ ಅಸಹ್ಯವಾಯಿತು.

ಹಾಗೇ ಭರಮಪ್ಪನ ಮನೆಗೆ ಓಡಿದೆ. ಮೋತ್ಯಾನನ್ನು ಸ್ಟೇಷನ್ನಿನ ಗೋದಾಮಿನಲ್ಲಿ ಕೂಡಿ ಹಾಕಿದ್ದರಂತೆ. ಅದು ಬಾಗಿಲು ಕೆರೆದು ಕೆರೆದು ಅತ್ತಿತಂತೆ. ಯಾರೋ ಪುಣ್ಯಾತ್ಮರು ತೆರೆದರು. ಓಡಿ ಹೋಗಿ ಹಳಿಗಳ ನಡುವೆ ಉಚ್ಚಿಗೆ ಕೂತಿತು, ಅಷ್ಟರಲ್ಲಿ ಗೂಡ್ಸ್ ಗಾಡಿ ಬಂತು. ಹೊರಗೆ ಹೋಗಿಯೇ ಕೂಡಬೇಕೆಂದು ಕಲಿಸಿದವಳು ನಾನು.

ಎದುರು ಮನೆಯ ಗುದ್ಲೆಪ್ಪ ಕಾಕಾ ನಿಮ್ಮನ್ನು ನೆನೆದರು. ಗುಂಡು ಹಾರುವ ಕಡೆ ಧೈರ್ಯ ತೋರಿಸಲು ಹೋಗಬೇಡಿರಿ. ಬಸವಣ್ಣ ನಿಮ್ಮ ಬೆನ್ನಿಗಿರಲಿ.

ನಿಮ್ಮ
ಸುಶೀಲವ್ವ

ತಾ.ಕ.: ಟಪಾಲಿನವ ಬಾಗಿಲಲ್ಲೇ ನಿಂತಿದ್ದಾನೆ. ನಾಲ್ಕು ದಿನದಿಂದ ಪಡಸಾಲೆಯ ನೆಲ ಒಣಗಿದೆ. ಅತ್ತೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಲಿಂಗಪೂಜೆಯ ತೀರ್ಥವೊಂದೇ ಒಳಗೆ ಹೋಗುವುದು. ತಂಬಿಗೆ ಹಿಡಿದರೆ ತುಟಿ ಬಿಗಿಯುತ್ತಾರೆ. ಸಾಹೇಬರ ಕಾಲು ಹಿಡಿದಾದರೂ ರಜೆ ತೆಗೆದುಕೊಂಡು ಬನ್ನಿರಿ. ನಿಮ್ಮ ಕೈಯಿಂದಾದರೆ ಕುಡಿದಾರು. ನಾನು ದಿನಾ ನಸುಕಿನಲ್ಲಿ ಎದ್ದು ಆ ನೆಲ ಮುಟ್ಟಿ ನೋಡುತ್ತೇನೆ, ಇವತ್ತಾದರೂ ಒದ್ದೆಯಾಗಿರಲಿ ಎಂದು.