ಟೇಲರ್ ಅಂಗಡಿಯ ಮೇಲಿನ ಕ್ಲಾಸು

ಗುರುವಾರ, ಮಧ್ಯಾಹ್ನ

ನಮಸ್ಕಾರ.

"ಪ್ರೀತಿಯ" ಎಂದು ಶುರು ಮಾಡುವಷ್ಟು ಮನಸ್ಸು ಇನ್ನೂ ತಿಳಿಯಾಗಿಲ್ಲ. ಸದ್ಯಕ್ಕೆ ಇಷ್ಟರಲ್ಲೇ ಸುಧಾರಿಸಿಕೊಳ್ಳಿ.

ನಿಮ್ಮ ಪತ್ರ ತಲುಪಿತು. ನಾನು ಈ ಕ್ಲಾಸು ಮುಚ್ಚಿ, ಮನೆಗೆ ಮರಳಿ, ನಿಮ್ಮ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕೂತು ಫೋನು ಎತ್ತಬೇಕಂತೆ. ಕೇಂದ್ರದ ಮಾಲೀಕರ ಹೆಂಡತಿ ಟೇಲರ್ ಅಂಗಡಿಯ ಮಹಡಿಯಲ್ಲಿ ಪಾಠ ಹೇಳಿದರೆ ಜನ ಆಡಿಕೊಳ್ಳುತ್ತಾರಂತೆ. ಆಡಿಕೊಳ್ಳಲಿ. ನಾನು ಬರುವುದಿಲ್ಲ.

ಗುಜರಿಗೆ ಹಾಕು ಎಂದು ನೀವು ಕೊಟ್ಟಿದ್ದ ಹಳೆಯ ಕಂಪ್ಯೂಟರುಗಳು ಇಲ್ಲಿ ಕೆಲಸ ಮಾಡುತ್ತಿವೆ. ಚಿತ್ರ, ಬಣ್ಣ ಹೊರುವ ಶಕ್ತಿ ಅವಕ್ಕಿಲ್ಲ. ಕಪ್ಪು ತೆರೆ, ಅದರಲ್ಲಿ ಮಿನುಗುವ ಒಂದು ಗೆರೆ, ಅಷ್ಟೇ. ಎಲ್, ಎಸ್ ಒತ್ತಿ ಎಂಟರ್ ಹೊಡೆದರೆ ಒಳಗಿರುವ ಫೈಲುಗಳ ಹೆಸರುಗಳು ಬರುತ್ತವೆ ಎಂದು ಮೊದಲ ದಿನ ಹೇಳಿಕೊಟ್ಟೆ. ಇಸ್ತ್ರಿ ಅಂಗಡಿಯ ಅಕ್ಕ ಒತ್ತಿದರು. ಏನೂ ಬರಲಿಲ್ಲ. ಕೈ ಹಿಂದಕ್ಕೆಳೆದುಕೊಂಡು, "ಕೆಡಿಸಿಬಿಟ್ನಾ ಟೀಚರ್?" ಅಂದರು. ಫೋಲ್ಡರ್ ಖಾಲಿ ಇದ್ದರೆ ಕಂಪ್ಯೂಟರು ಸುಮ್ಮನಿರುತ್ತದೆ ಎಂದೆ. "ಹಂಗಾದ್ರೆ ನಮ್ಮನೆಯವರಿಗಿಂತ ವಾಸಿ. ಅವರು ಹೇಳೋಕೆ ಏನೂ ಇಲ್ದಿದ್ರೂ ಹೇಳ್ತಾನೇ ಇರ್ತಾರೆ" ಅಂದರು. ಕ್ಲಾಸೆಲ್ಲ ನಕ್ಕಿತು, ಹೆದರಿಕೆ ಅರ್ಧ ಇಳಿಯಿತು.

ಫೈಲು ತೆರೆದು ಬರೆಯುವುದನ್ನು ಕಲಿಸುತ್ತಿದ್ದಾಗ ನೀವು ಬಂದಿರಿ. ಅಕ್ಕ ತಮ್ಮ ಅಂಗಡಿ ಶುರುವಾದ ಕಥೆಯನ್ನು ಒಂದೇ ಬೆರಳಲ್ಲಿ ಕುಟ್ಟುತ್ತಿದ್ದರು. ಇನ್ನೂ ಸೇವ್ ಮಾಡಿರಲಿಲ್ಲ. "ಮೌಸ್ ಹಿಡಿಯೋಕೇ ಬರಲ್ಲ, ಇವರಿಗೆ ಇದೆಲ್ಲ ಯಾಕೆ? ಎದ್ದು ಮನೆಗೆ ಹೋಗಿ" ಎಂದು ನೀವು ಮೇನ್ ಸ್ವಿಚ್ಚೇ ಆರಿಸಿದಿರಿ. ಅಕ್ಕ ಚಪ್ಪಲಿ ಮೆಟ್ಟಿ ಹೋದರು.

ಮತ್ತೆ ಬರಲೇ ಇಲ್ಲ. ನಾನೇ ಅವರ ಅಂಗಡಿಗೆ ಹೋದೆ. ಅಂಗಿಯಿಂದ ಕಣ್ಣೆತ್ತದೆ, "ಬೈಯೋಕೆ ನಮ್ಮನೇಲೇ ಜನ ಇದ್ದಾರೆ ಟೀಚರ್, ಅದಕ್ಕೆ ಮಹಡಿ ಹತ್ತಬೇಕಾ?" ಅಂದರು. ನಾನು ಹೇಳಿದೆ: "ನೀವು ಬರದಿದ್ರೆ ಅವರು ಹೇಳಿದ್ದೇ ನಿಜ ಅಂತಾಗತ್ತೆ." ಅವರು ತೋಳು ಮಡಿಸಿ, ಕಾಲರ್ ತೀಡಿ, ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟರು. ಆ ಸಂಜೆಯೇ ಬಂದರು. ಬಂದವರೇ ತಮ್ಮ ಕುರ್ಚಿಯನ್ನು ಎಳೆದು ಮೇನ್ ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತರು. "ಇನ್ನು ಯಾರು ಆರಿಸ್ತಾರೋ ಆರಿಸ್ಲಿ" ಅಂದರು. ಹೋದ ಕಥೆಯನ್ನು ಮೊದಲಿಂದ ಬರೆದರು, ಸಾಲು ಸಾಲಿಗೂ ಸೇವ್ ಮಾಡುತ್ತಾ.

ಹಿಂದಿನ ಬೀದಿಯ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಹೋದ ವಾರ ಕೆಲಸಕ್ಕೆ ಜನರನ್ನು ಆರಿಸುವ ಪರೀಕ್ಷೆ ಇತ್ತು. ಕಪ್ಪು ತೆರೆಯಲ್ಲಿ ಫೈಲು ಹುಡುಕಿ, ತೆರೆದು, ತಪ್ಪು ತಿದ್ದಿ, ಉಳಿಸಿ ಹೊರಬರಬೇಕು. ನಮ್ಮಲ್ಲಿ ಕೆಲವರು ಎಡವಿದರು. ಅಕ್ಕ ನಿಧಾನವಾಗಿ ಮಾಡಿದರು, ಸರಿಯಾಗಿ ಮಾಡಿದರು. ಸೋಮವಾರದಿಂದ ಅವರಿಗೆ ಅಲ್ಲಿ ಕೆಲಸ. ಎಡವಿದವರು ಮಾರನೇ ದಿನವೇ ಮತ್ತೆ ಕ್ಲಾಸಿಗೆ ಬಂದು ಕೂತರು.

ನೀವು ಸ್ವಿಚ್ ಆರಿಸಿ ಹೋದಮೇಲೆ ನಾನು ಅತ್ತೆ, ಮುಚ್ಚಿಡುವುದಿಲ್ಲ. ಅವಮಾನಕ್ಕಲ್ಲ. ಎಲ್, ಎಸ್ ಎಂಬ ಆ ಎರಡು ಅಕ್ಷರಗಳನ್ನು ನನಗೆ ಮೊದಲು ಕಲಿಸಿದವರು ನೀವೇ. ಆಗ ನಾನು ಎಷ್ಟು ಸಲ ತಪ್ಪಿದರೂ ನೀವು ನಗುತ್ತಿರಲಿಲ್ಲ. ಆ ಮನುಷ್ಯ ಎಲ್ಲಿ ಹೋದರೋ ಗೊತ್ತಿಲ್ಲ. ಅವರು ಬಂದರೆ ಇಲ್ಲಿ ಕುರ್ಚಿ ಇದೆ. ಸ್ವಿಚ್ ಆರಿಸಿದವರಿಗೆ ಇಲ್ಲ.

ಇಂತಿ,
ನಿಮ್ಮ ಕೇಂದ್ರಕ್ಕೆ ಮರಳದ,
ಮಹಡಿಯ ಟೀಚರ್

ಮರೆತಿದ್ದೆ: ಅತ್ತೆಯವರು ನೀವು ಅಂದುಕೊಂಡಂತೆ ಮಂಡಿನೋವಿಗೆ ದಿನಾ ಸಂಜೆ ವಾಕಿಂಗ್ ಹೋಗುತ್ತಿಲ್ಲ. ನನ್ನ ಕ್ಲಾಸಿಗೆ ಬರುತ್ತಿದ್ದಾರೆ. ಹೇಳಬೇಡ ಅಂದಿದ್ದವರು ನಿನ್ನೆ ತಾವೇ, "ಬರಿ. ಅವನು ಬಂದು ಆ ಇಸ್ತ್ರಿಯವಳ ಮುಂದೆ ತಪ್ಪಾಯ್ತು ಅನ್ನೋವರೆಗೂ ನಾನೂ ಅವನ ಹತ್ರ ಮಾತಾಡಲ್ಲ ಅಂತ ಬರಿ" ಅಂದರು. ಬರೆದಿದ್ದೇನೆ.