ಚಳಿಗೆ ಬಾಯಿ ಮುಚ್ಚಿದ ಬೀಗ

ಅತ್ತೆ,

ನೀವು ಮಧ್ಯಾಹ್ನದ ನಿದ್ದೆಯಲ್ಲಿದ್ದಿರಿ, ಎಬ್ಬಿಸಲಿಲ್ಲ. ನಾನು ಆಸ್ಪತ್ರೆ ಪಾಳಿಗೆ ಹೊರಟೆ. ಒಣಮೀನಿನ ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಂಡೇ ಉಣ್ಣಿ.

ನಮ್ಮ ಇಂಜೆ ಊರಿನ ಈ ಚಳಿಗೆ ಬಾಗಿಲಿನ ನಂಬರ್ ಬೀಗ ಇನ್ನೂ ಕೈಕೊಡುತ್ತದೆ. ಕೈಗವಸು ತೆಗೆದು ಒತ್ತಿ. ಆಗಲೂ ಅಂಕಿಗಳ ದೀಪ ಹತ್ತದಿದ್ದರೆ, ನಿಮ್ಮ ಕೋಟಿನ ಒಳಜೇಬಿನಲ್ಲಿ ಚೌಕದ ಬ್ಯಾಟರಿ ಇಟ್ಟಿದ್ದೇನೆ. ಅದನ್ನು ಬೀಗದ ಕೆಳಗಿರುವ ಎರಡು ಲೋಹದ ಚುಕ್ಕೆಗಳಿಗೆ ತಾಗಿಸಿ ಹಿಡಿದುಕೊಂಡೇ ನಂಬರ್ ಒತ್ತಿ. ಅದು ಮೈಶಾಖದಲ್ಲೇ ಇರಲಿ, ಚೀಲಕ್ಕೆ ಹಾಕಬೇಡಿ.

ದಮ್ಮಯ್ಯ, ಇನ್ನೊಮ್ಮೆ ಬೀಗಕ್ಕೆ ಫ್ಲಾಸ್ಕಿನ ಬಿಸಿ ಬಾರ್ಲಿ ಚಹಾ ಸುರಿಯಬೇಡಿ! ಇವತ್ತು ನೀವು ಸುರಿದದ್ದೇ ಮಂಜುಗಡ್ಡೆಯಾಗಿ ಕೂತಿತ್ತು.

ಮುಂಜಾನೆ ಚರ್ಚಿನ ಪ್ರಾರ್ಥನೆ ಮುಗಿಸಿ ಬಂದವರು ಕರೆಗಂಟೆ ಒತ್ತದೆ ಮೆಟ್ಟಿಲ ಮೇಲೆ ಕೂತುಬಿಡುವುದೇ? ಮೇಲಿನ ಮನೆಯ ಓಕ್‌ಬುನ್ ಅಜ್ಜಿ ಬಾಗಿಲು ಬಡಿದು, "ಏ ಹುಡುಗಿ, ನಿನ್ನತ್ತೆ ಇಲ್ಲಿ ಮರಗಟ್ಟಿ ಕೂತಿದಾಳೆ, ನೀನು ಗೊರಕೆ ಹೊಡೀತಿದೀಯಲ್ಲೇ!" ಅಂದಾಗ ಬರಿಗಾಲಲ್ಲೇ ಓಡಿಬಂದೆ. ನೀವೋ, "ಅರ್ಧರಾತ್ರಿವರೆಗೂ ದುಡಿದು ಮಗು ಮಲಗಿದೆ, ಯಾಕೆ ಎಬ್ಬಿಸ್ಲಿ?" ಅಂದಿರಿ.

ನಾನು ನಿದ್ದೆ ಮಾಡಿರಲಿಲ್ಲ, ಅತ್ತೆ. ನಿಮ್ಮ ಮಗ ತೀರಿಕೊಂಡ ಮೇಲೆ, ನೀವು ಬಂದಾಗ ಬೀಗ ತೆರೆಯುತ್ತಾ ಹಾಡುವ ಆ ಪುಟ್ಟ ರಾಗ ಕೇಳದೆ ನನಗೆ ಕಣ್ಣು ಹತ್ತುವುದಿಲ್ಲ. ನನ್ನ ನಿದ್ದೆ ಕೆಡದಿರಲೆಂದು ನೀವು ಬಾಗಿಲಾಚೆ ಕೂತಿದ್ದಿರಿ, ನೀವು ಬರಲೆಂದು ನಾನು ಈಚೆ ಕಿವಿಗೊಟ್ಟು ಮಲಗಿದ್ದೆ.

ಇನ್ನುಮೇಲೆ ಗಂಟೆ ಒತ್ತಿ. ಬೀಗ ಸಲೀಸಾಗಿ ತೆರೆದುಕೊಂಡರೂ ಒಮ್ಮೆ ಒತ್ತಿ.

ಹೆರಿಮ್