ಅದಲುಬದಲಾದ ಅಚ್ಚಿನ ಚೀಟಿ

ರಾಯದುರ್ಗ
16-2-2025

ಮಡಕಶಿರದ ಗೆಳೆಯ ಸಣ್ಣತಿಮ್ಮಪ್ಪನಿಗೆ ಗಾದಿಲಿಂಗಪ್ಪನ ನಮಸ್ಕಾರ.

ಇದನ್ನು ಫೋನಿನಲ್ಲಿ ಹೇಳುವ ಧೈರ್ಯ ನನಗಿಲ್ಲ. ನಡುವೆ ನೀನು ನಕ್ಕುಬಿಟ್ಟರೆ ನಿಜವನ್ನು ನುಂಗಿಬಿಡುತ್ತೇನೆ. ಅದಕ್ಕೇ ಈ ಕಾಗದ.

ಮೂವತ್ತು ವರ್ಷ ಒಂದೇ ಬ್ಯಾಂಡ್ ಸೆಟ್ಟಿನಲ್ಲಿ ಇಬ್ಬರೂ ಕ್ಲಾರಿಯೋನೆಟ್ ಊದಿದೆವು. ಮದುವೆ ಮನೆಯವರು ಕೇಳುತ್ತಿದ್ದದ್ದು ಮಾತ್ರ, 'ತಿಮ್ಮಪ್ಪ ಬರ್ತಾರೇನ್ರಿ?' ಎಂದು. ನಾನು ಬರುತ್ತೇನೋ ಇಲ್ಲವೋ ಯಾರೂ ಕೇಳಲಿಲ್ಲ. ಆಮೇಲೆ ಹೊಗೆಸೊಪ್ಪಿನ ಚಟಕ್ಕೆ ಇಬ್ಬರ ಹಲ್ಲೂ ಹೋದವು. ವಾದ್ಯದ ತುದಿಗೆ ಮೇಲಿನ ಹಲ್ಲು ಊರದೆ ಊದಲಾಗದು. ಕಟ್ಟಿಸಿಕೊಂಡ ಹಲ್ಲುಸೆಟ್ಟು ಜಾರುತ್ತಿತ್ತು. ನೀನು ಎರಡು ವರ್ಷ ಮೂಲೆ ಹಿಡಿದು ಕೂತೆ. ಹೇಳಲು ನಾಚಿಕೆ, ಆ ಎರಡು ವರ್ಷದಷ್ಟು ನೆಮ್ಮದಿ ನನಗೆಂದೂ ಇರಲಿಲ್ಲ.

ಹಲ್ಲಿನ ಕಾಲೇಜಿನ ಸ್ವಪ್ನಾ ಡಾಕ್ಟರಮ್ಮ ಹೊಸ ಹಲ್ಲು ಬಿಗಿಯಲು ನಮ್ಮ ದವಡೆಗೆ ತಿರುಪು ಕೂರಿಸಿದ್ದು, ಗಾಯ ಮಾಯ್ದ ಮೇಲೆ ಅಳತೆಗೆ ಕರೆದದ್ದು ನಿನಗೆ ನೆನಪಿದೆ. ಬಂದವರಲ್ಲಿ ಅರ್ಧ ಜನರಿಗೆ ಹಳೆಯ ರೀತಿ, ಬಾಯಿಗೆ ಹಿಟ್ಟಿನಂಥದ್ದು ತುಂಬಿ ಅಚ್ಚು. ಇನ್ನರ್ಧ ಜನರಿಗೆ ಪೆನ್ನಿನಂಥ ಕ್ಯಾಮೆರಾ ಬಾಯೊಳಗೆ ಆಡಿಸಿ ಸ್ಕ್ಯಾನ್. ಹಲ್ಲೇ ಇಲ್ಲದವರಿಗೆ ಯಾವುದು ಕರಾರುವಾಕ್ಕು ಎಂದು ಅವರು ಹೋಲಿಸಿ ನೋಡಬೇಕಿತ್ತು. ಅದಕ್ಕೇ ಚೀಟಿ ಎತ್ತಿಸಿದರು.

ಆಂಧ್ರದ ಕಾಲೇಜಲ್ಲವೇ, ಚೀಟಿ ತೆಲುಗಿನಲ್ಲಿತ್ತು. ನೀನು ಕಲಿತದ್ದು ಕನ್ನಡ ಶಾಲೆಯಲ್ಲಿ, ತೆಲುಗು ಓದಲು ಬಾರದು. 'ಏನ್ ಬರ್ದವ್ರೆ ನೋಡ್ಲಾ ಗಾದಿ' ಎಂದು ನಿನ್ನದನ್ನೂ ನನ್ನ ಕೈಗೆ ಕೊಟ್ಟೆ.

ನಿನ್ನದರಲ್ಲಿ ಸ್ಕ್ಯಾನ್ ಇತ್ತು. ನನ್ನದರಲ್ಲಿ ಅಚ್ಚು.

ಇಲ್ಲೂ ಇವನಿಗೇ ಒಳ್ಳೆಯದು ಬರಬೇಕೇ ಎಂದು ಹೊಟ್ಟೆ ಉರಿಯಿತು. 'ನಿನಗ ಅಚ್ಚು ಬಂದೈತಿ' ಎಂದು ನನ್ನ ಚೀಟಿಯನ್ನು ನಿನಗೆ ಕೊಟ್ಟೆ. ನೀನು, 'ನಿನಗಾದ್ರೂ ಹೊಸಾದು ಬಂತಲ್ಲ' ಎಂದು ಖುಷಿಪಟ್ಟೆ. ಆ ಖುಷಿ ಕಂಡು ಇನ್ನೂ ಉರಿಯಿತು.

ನಿನ್ನ ಹಲ್ಲು ಮೊದಲ ದಿನವೇ ಸರಿಯಾಗಿ ಕೂತವು. ನನ್ನವು ಒಂದು ತುದಿ ಬಿಗಿದರೆ ಇನ್ನೊಂದು ತುದಿಯಲ್ಲಿ ಕೂದಲೆಳೆಯಷ್ಟು ಏಳುತ್ತಿದ್ದವು. ಹಲ್ಲಿದ್ದರೆ ಕ್ಯಾಮೆರಾ ಅದರ ಮೂಲೆಮೊನೆ ಗುರುತು ಹಿಡಿದು ಚಿತ್ರಕ್ಕೆ ಚಿತ್ರ ಜೋಡಿಸುತ್ತದಂತೆ. ಬೋಳು ವಸಡಿನಲ್ಲಿ ಎಲ್ಲವೂ ಒಂದೇ ನುಣುಪು, ಮೇಲೆ ಎಂಜಲಿನ ಹೊಳಪು. ಜೋಡಣೆ ತುಸುತುಸುವೇ ಜಾರಿ ಕೊನೆಯ ತುದಿಗೆ ಬರುವಷ್ಟರಲ್ಲಿ ತಪ್ಪು ಬೆಳೆದಿರುತ್ತದಂತೆ. ಬೇರೆ ಕೆಲವರಿಗೆ ಸ್ಕ್ಯಾನ್ ಚೆನ್ನಾಗಿಯೇ ಬಂದಿದೆ. ನನಗೆ ಬರಲಿಲ್ಲ. ಡಾಕ್ಟರಮ್ಮ ತಮ್ಮ ಕೈಯೇ ನಡುಗಿತೇನೋ ಎಂದು ಪೇಚಾಡಿದರು. ನಾನು ಬಾಯಿ ಬಿಡಲಿಲ್ಲ.

ರೊಳ್ಳ ಊರಿನ ಮದುವೆಯಲ್ಲಿ ನೀನು ಊದುವಾಗ ನಾನು ತಾಳ ಹಿಡಿದು ಹಿಂದೆ ನಿಂತಿದ್ದೆ. ಅವು ನನ್ನ ಚೀಟಿಯ ಹಲ್ಲು, ಹಲ್ಲು ಸರಿಯಿದ್ದಿದ್ದರೆ ನಾನೂ ಹೀಗೇ ಊದುತ್ತಿದ್ದೆ ಎಂದುಕೊಂಡೆ. ಮುಗಿದ ಮೇಲೆ ನೀನು ಹತ್ತಿರ ಬಂದು, 'ನಿಂದು ಸರಿಯಾಗೋವರ್ಗೂ ನಾನು ಬೇರೆ ಮದ್ವೆ ಒಪ್ಕಳಲ್ಲ' ಎಂದೆ.

ಅದನ್ನು ತಡೆಯಲಾಗಲಿಲ್ಲ. ಮರುದಿನವೇ ಹೋಗಿ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಅವರು, 'ನಿಮ್ಮಿಬ್ಬರನ್ನೂ ನನ್ನ ಹೋಲಿಕೆಯಿಂದ ತೆಗೀಬೇಕಾತ್ರಿ. ಯಾಕ ಹಿಂಗ ಮಾಡಿದ್ರಿ? ಅವರಿಗೆ ನೀವೇ ಹೇಳ್ರಿ' ಎಂದರು. ಆಮೇಲೆ ಹಿಟ್ಟು ಕಲಸಿ ನನಗೂ ಅಚ್ಚು ತೆಗೆದರು. ನಿನಗೆ ಹೇಳಲು ಮಾತ್ರ ಇನ್ನೂ ಒಂದು ತಿಂಗಳು ಬೇಕಾಯಿತು.

ಬಂದ ಮದುವೆಗಳನ್ನು ಒಪ್ಪಿಕೊ. ನನಗಾಗಿ ಕಾಯಬೇಡ. ಬೈಯುವುದಿದ್ದರೆ ಬಂದು ಎದುರಿಗೇ ಬೈ.

ನಿನ್ನ ಚೀಟಿ ಕದ್ದವನು,
ಗಾದಿಲಿಂಗಪ್ಪ

ವಿ.ಸೂ.: ಹೊಸ ಹಲ್ಲು ಬಂದು ಎಂಟು ದಿನವಾಯಿತು. ಎರಡೂ ತುದಿ ಗಟ್ಟಿಯಾಗಿ ಕೂತಿವೆ. ಬಾಗಿಲು ಹಾಕಿಕೊಂಡು, ರೊಳ್ಳದಲ್ಲಿ ನೀನು ಊದಿದ ಹಾಡನ್ನೇ ಎಂಟು ದಿನವೂ ಊದಿದೆ. ನಿನ್ನಂತೆ ಬರಲಿಲ್ಲ ತಿಮ್ಮಪ್ಪ. ಹಲ್ಲಿನದೇನೂ ತಪ್ಪಿಲ್ಲ.